ಹದಿನೇಳು ದಿನಗಳ ಸಹಿ

ಪ್ರಯೋಗಾಲಯದ ಐದೂ ಜನರ ಎದುರು ಉಮಾಳ ಕೈಗಳನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಪರೀಕ್ಷೆಗೆ ಹಾಕಿದ್ದು ನವೆಂಬರಿನ ಒಂದು ಸೋಮವಾರ. ಒರೆಸಿದವಳು ಹಿರಿಯ ವಿಶ್ಲೇಷಕಿ ವೇದಾವತಿ ಮೇಡಂ. ಬೆರಳ ಸಂದಿ, ಉಗುರಿನ ಬುಡ, ಅಂಗೈಯ ಗೆರೆ, ಒಂದನ್ನೂ ಬಿಡಲಿಲ್ಲ. ಉಮಾ ಎರಡೂ ಕೈ ಚಾಚಿಕೊಂಡು ನಿಂತಿದ್ದಳು. ಬೇರೆ ಯಾರ ಕೈಯನ್ನೂ ಒರೆಸಲಿಲ್ಲ.

ಅದಕ್ಕೆ ಕಾರಣವಿತ್ತು. ಕಾರವಾರದ ಕಾಜುಬಾಗದಲ್ಲಿ ಕಿಶನ ಎಂಬವರು ನಡೆಸುತ್ತಿದ್ದ ಆ ಚಿಕ್ಕ ಪ್ರಯೋಗಾಲಯಕ್ಕೆ ಕೊಳಚೆ ನೀರಿನಲ್ಲಿರುವ ಬ್ಯಾಕ್ಟೀರಿಯಾ ಎಣಿಸುವ ಮಾನ್ಯತಾ ಪತ್ರವಿತ್ತು. ಪತ್ರ ಉಳಿಯಬೇಕಾದರೆ ವರ್ಷಕ್ಕೊಮ್ಮೆ ಹೊರಗಿನಿಂದ ಒಂದು ಗುಪ್ತ ಮಾದರಿ ಬರುತ್ತಿತ್ತು. ಪುಟ್ಟ ಶೀಶೆಯೊಳಗೆ ಇಂತಿಷ್ಟೇ ಬ್ಯಾಕ್ಟೀರಿಯಾ. ಎಷ್ಟು ಎಂಬುದು ಕಳಿಸಿದವರಿಗೆ ಮಾತ್ರ ಗೊತ್ತು. ಎಣಿಸಿ ಹೇಳಿದ ಸಂಖ್ಯೆ ಅವರ ಸಂಖ್ಯೆಯ ಹತ್ತಿರ ಬಂದರೆ ಪಾಸು. ಆ ವರ್ಷ ಎಣಿಸಿದವಳು ಉಮಾ. ಅವಳ ಸಂಖ್ಯೆ ನಿಜದ ಕಾಲು ಭಾಗಕ್ಕೂ ಬಂದಿರಲಿಲ್ಲ. ಪ್ರಯೋಗಾಲಯ ಫೇಲಾಯಿತು.

ಯಾಕೆ ಫೇಲಾಯಿತೆಂದು ಮಾನ್ಯತಾ ಮಂಡಳಿಗೆ ಬರೆದು ಕೊಡಬೇಕಿತ್ತು. ವೇದಾವತಿ ಬರೆದಳು. ಏನು ಬರೆದಳೆಂಬುದು ಉಮಾಗೆ ತಿಳಿದದ್ದು ವಾರದ ಮೇಲೆ, ಬೇರೇನೋ ಹುಡುಕುತ್ತ ಫೈಲು ತೆಗೆದಾಗ. ‘ವಿಶ್ಲೇಷಕಿಯ ವೈಯಕ್ತಿಕ ಶುಚಿತ್ವದಲ್ಲಿ ಕೊರತೆ. ಕೈ ತೊಳೆಯುವ ವಿಧಾನದ ಬಗ್ಗೆ ಮೂರು ದಿನ ತರಬೇತಿ ಕೊಡಲಾಗಿದೆ.’ ಕೆಳಗೆ ತರಬೇತಿ ಪಡೆದವಳೆಂದು ಉಮಾಳದೇ ಸಹಿ. ಖಾಲಿ ಹಾಳೆಯೊಂದಕ್ಕೆ ಹಾಜರಿಗೆಂದು ಹೇಳಿ ಹಾಕಿಸಿಕೊಂಡ ಸಹಿ ಅದು.

ಕೈ ಕೊಳೆಯಾಗಿದ್ದರೆ ಬ್ಯಾಕ್ಟೀರಿಯಾ ಹೆಚ್ಚು ಬರಬೇಕು, ಕಡಿಮೆ ಹೇಗೆ ಬಂದೀತು ಎಂದು ಉಮಾ ಕೇಳಬಹುದಿತ್ತು. ಕೇಳಲಿಲ್ಲ. ಫೈಲನ್ನು ಇದ್ದಲ್ಲೇ ಇಟ್ಟು, ಬಚ್ಚಲಿಗೆ ಹೋಗಿ, ಕೈಗಳನ್ನು ಬಹಳ ಹೊತ್ತು ನೋಡಿಕೊಂಡಳು.

ಅವಳು ಅಂಕೋಲೆಯಿಂದ ಸಮುದ್ರದ ದಿಕ್ಕಿಗೆ ಎರಡು ಮೈಲಿ ದೂರದ ಕೇರಿಯವಳು, ದಿನಾ ಅಲ್ಲಿಂದಲೇ ಬಸ್ಸಿನಲ್ಲಿ ಕೆಲಸಕ್ಕೆ ಬರುವವಳು. ತಾಯಿ ಹೊನ್ನಮ್ಮ ಗದ್ದೆ ಕೂಲಿಗೆ ಹೋಗುವವಳು. ಕೂಲಿ ಇಲ್ಲದ ತಿಂಗಳುಗಳಲ್ಲಿ ಕೇರಿಯ ಹೆಂಗಸರ ಜೊತೆ ಇಳಿತದ ಹೊತ್ತಿಗೆ ಅಳಿವೆಗಿಳಿದು, ಮೊಣಕಾಲು ನೀರಿನಲ್ಲಿ ಕೂತು, ಕೆಸರಿನೊಳಗಿಂದ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಅಂಕೋಲೆಯ ಪೇಟೆಯಲ್ಲಿ ಮಾರುವವಳು. ಆ ಚಿಪ್ಪಿನ ದುಡ್ಡಿನಲ್ಲೇ ಉಮಾ ಧಾರವಾಡದಲ್ಲಿ ಎಂ.ಎಸ್ಸಿ. ಓದಿದ್ದು. ಪ್ರಯೋಗಾಲಯ ಸೇರಿ ನಾಲ್ಕು ವರ್ಷವಾಗಿತ್ತು. ನಾಲ್ಕು ವರ್ಷವೂ ಅವಳು ಎಣಿಸಿದ್ದಕ್ಕೆ ವರದಿಯ ಕೆಳಗೆ ವೇದಾವತಿಯ ಸಹಿ. ಉಮಾಳ ಸಹಿ ಒಳಗಿನ ಕೆಲಸದ ಹಾಳೆಗಳಿಗಷ್ಟೇ. ಅವಳನ್ನೂ ಅಧಿಕೃತ ಸಹಿದಾರಳನ್ನಾಗಿ ಮಾಡಿ ಎಂದು ಕಿಶನ ಎರಡು ಸಲ ಹೇಳಿದಾಗ, ಇನ್ನೂ ಪಳಗಬೇಕು ಎಂದು ವೇದಾವತಿಯೇ ತಡೆದಿದ್ದಳು.

ವೇದಾವತಿ ಸುಂಕಸಾಳದ ಕಡೆಯ ತೋಟದ ಮನೆತನದವಳು, ನಲವತ್ತೈದರ ಹೆಂಗಸು. ಕಾರವಾರದಲ್ಲೇ ಬಾಡಿಗೆಗೆ ಇದ್ದಳು. ಕೆಲಸದಲ್ಲಿ ಚುರುಕು, ಅಕ್ಷರ ಮುತ್ತಿನಂತೆ. ತನ್ನ ಲೋಟವನ್ನು ಬೇರೆ ಇಟ್ಟುಕೊಳ್ಳುತ್ತಿದ್ದಳು, ಅದನ್ನು ಉಮಾ ಯಾವತ್ತಾದರೂ ಮುಟ್ಟಿದರೆ ಏನೂ ಹೇಳದೆ ಎರಡು ಸಲ ತೊಳೆಯುತ್ತಿದ್ದಳು. ಲೋಟದ ವಿಷಯವನ್ನು ಉಮಾ ನುಂಗಿಕೊಂಡಿದ್ದಳು. ಫೈಲಿನಲ್ಲಿದ್ದ ವಾಕ್ಯ ಮಾತ್ರ ಗಂಟಲಿನಿಂದ ಇಳಿಯಲಿಲ್ಲ.

ಅಂದಿನಿಂದ ಅವಳು ವೇದಾವತಿಯ ತಪ್ಪು ಹುಡುಕತೊಡಗಿದಳು. ಕೆಲಸ ಮುಗಿದ ಮೇಲೆ ಹಳೇ ಪುಸ್ತಕಗಳನ್ನು ತಿರುವಿದಳು. ಡಿಸೆಂಬರ್ ಹೋಯಿತು, ಮಾರ್ಚ್ ಹೋಯಿತು. ಏನೂ ಸಿಗಲಿಲ್ಲ. ಸಿಕ್ಕಿದ್ದು ಅವಳು ಹುಡುಕುವುದನ್ನು ಹೆಚ್ಚುಕಡಿಮೆ ಬಿಟ್ಟ ಮೇಲೆ.

ಕೊಳಚೆ ನೀರಿನಲ್ಲಿ ಮಲದಿಂದ ಬಂದ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ನೋಡಲು, ಆ ನೀರು ಬೆರೆಸಿದ ಗಾಜಿನ ನಳಿಕೆಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಒಂದು ದಿನ ಇಡಬೇಕು. ತೊಟ್ಟಿಯ ಶಾಖ ನಲವತ್ತನಾಲ್ಕೂವರೆ ಡಿಗ್ರಿ. ಅದಕ್ಕಿಂತ ಸ್ವಲ್ಪ ಏರಿದರೂ ಎಣಿಸಬೇಕಾದ ಜೀವಗಳೇ ಸಾಯತೊಡಗುತ್ತವೆ. ಬದುಕಿ ಬೆಳೆದ ನಳಿಕೆಯಲ್ಲಿ ಗಾಳಿಗುಳ್ಳೆ ಏಳುತ್ತದೆ. ಲೆಕ್ಕ ಹಾಕುವುದು ಆ ಗುಳ್ಳೆಯಿದ್ದ ನಳಿಕೆಗಳಿಂದ. ಪ್ರತಿಸಲವೂ ಜೊತೆಗೊಂದು ನಳಿಕೆಯಲ್ಲಿ ಗ್ಯಾರಂಟಿ ಬೆಳೆಯುವ ಶುದ್ಧ ತಳಿಯನ್ನು ಹಾಕಿಡುತ್ತಾರೆ. ಏಪ್ರಿಲ್ ಮೂರರ ಬೆಳಿಗ್ಗೆ ಆ ಶುದ್ಧ ತಳಿಯ ನಳಿಕೆಯಲ್ಲಿ ಗುಳ್ಳೆ ಸಾಸಿವೆಯಷ್ಟು ಚಿಕ್ಕದಾಗಿತ್ತು. ನಿಯಮದ ಪ್ರಕಾರ ಗುಳ್ಳೆ ಇದ್ದರೆ ಸಾಕು. ಆದರೆ ಉಮಾ ಅದನ್ನು ಬೆಳಕಿಗೆ ಹಿಡಿದು ನಿಂತಳು.

ವೇದಾವತಿ ಅಂದು ಮನೆಯ ಕಾರ್ಯಕ್ಕೆಂದು ಸುಂಕಸಾಳಕ್ಕೆ ಹೋಗಿದ್ದಳು. ಅವಳ ಕಪಾಟಿನ ಬೀಗದ ಕೈ ಮೇಜಿನ ಖಾನೆಯಲ್ಲೇ ಇತ್ತು. ಒಳಗೆ ಉಳಿದ ಥರ್ಮಾಮೀಟರುಗಳನ್ನು ಸರಿನೋಡಲಿಕ್ಕೆಂದು ಇಟ್ಟ ಮುಖ್ಯ ಥರ್ಮಾಮೀಟರ್ ಇತ್ತು. ಉಮಾ ಅದನ್ನು ತೆಗೆದು ತೊಟ್ಟಿಗೆ ಇಳಿಬಿಟ್ಟಳು. ನಲವತ್ತೈದು ಪಾಯಿಂಟ್ ಮೂರು.

ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದಳು. ಅಷ್ಟೇ.

ತೊಟ್ಟಿಯ ಥರ್ಮಾಮೀಟರ್ ಆಗಸ್ಟಿನಲ್ಲಿ ಹೊಸದಾಗಿ ಬಂದಿತ್ತು. ಅದರ ಪ್ರಮಾಣಪತ್ರ ತೆಗೆದು ನೋಡಿದಳು. ಅದು ನಿಜವಾದ ಶಾಖಕ್ಕಿಂತ ಸೊನ್ನೆ ಪಾಯಿಂಟ್ ನಾಲ್ಕು ಕಡಿಮೆ ತೋರಿಸುತ್ತದೆ ಎಂದಿತ್ತು. ಹಾಗಾದರೆ ಅದರ ಮೇಲೆ ನಲವತ್ತನಾಲ್ಕು ಪಾಯಿಂಟ್ ಒಂದು ಇರುವಂತೆ ತೊಟ್ಟಿಯನ್ನು ಇಡಬೇಕಿತ್ತು. ತೊಟ್ಟಿಗೆ ಅಂಟಿಸಿದ ಚೀಟಿಯಲ್ಲಿ ವೇದಾವತಿಯ ಮುತ್ತಿನ ಅಕ್ಷರ ‘44.9’ ಎಂದಿತ್ತು. ಕಳೆಯುವಲ್ಲಿ ಕೂಡಿಸಿದ್ದಳು. ಅಷ್ಟೇ ತಪ್ಪು. ಆದರೆ ಎಂಟು ತಿಂಗಳಿಂದ ಬಂದ ಎಲ್ಲ ಕೊಳಚೆ ನೀರಿನ ಬ್ಯಾಕ್ಟೀರಿಯಾ ಆ ತೊಟ್ಟಿಯಲ್ಲಿ ಅರ್ಧ ಸತ್ತು, ಎಣಿಕೆ ಇಳಿದು, ವರದಿಗಳು ಪಾಸಾಗಿ ಹೋಗಿದ್ದವು. ಗುಪ್ತ ಮಾದರಿ ಫೇಲಾದದ್ದೂ ಇದರಿಂದಲೇ.

ಉಮಾ ಕೂತು ತನ್ನ ಪುಸ್ತಕದ ಪುಟದಲ್ಲಿ ತಾರೀಖು, ಹೊತ್ತು, ಎರಡೂ ಥರ್ಮಾಮೀಟರು ತೋರಿಸಿದ ಶಾಖ, ಪ್ರಮಾಣಪತ್ರದ ಸಂಖ್ಯೆ ಬರೆದು ಸಹಿ ಮಾಡಿದಳು. ಮುಖ್ಯ ಥರ್ಮಾಮೀಟರನ್ನು ಒರೆಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಎಷ್ಟೋ ತಿಂಗಳ ಮೇಲೆ ಆವತ್ತು ಅವಳಿಗೆ ಹೊಟ್ಟೆ ತುಂಬ ಊಟ ಸೇರಿತು.

ವೇದಾವತಿ ಬಂದ ಕೂಡಲೇ ಹೇಳಬೇಕೆಂದೇ ಮೊದಲು ಅಂದುಕೊಂಡಿದ್ದಳು. ಮರುದಿನ ವೇದಾವತಿ ಬಂದವಳೇ, ಖಾನೆಯಲ್ಲಿ ಬೀಗದ ಕೈ ಎಡಕ್ಕಿದ್ದದ್ದು ಬಲಕ್ಕೆ ಬಂದಿದೆ, ತಾನಿಲ್ಲದಾಗ ಮೇಜು ಮುಟ್ಟಿದ್ದು ಯಾರು ಎಂದು ಕೇಳಿ, ಉತ್ತರಕ್ಕೆ ಕಾಯದೆ ಉಮಾಳ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಹೇಳುವ ಮನಸ್ಸು ಹೋಯಿತು. ಮಾನ್ಯತಾ ಮಂಡಳಿಯ ಪರಿಶೀಲಕರು ಏಪ್ರಿಲ್ ಇಪ್ಪತ್ತಕ್ಕೆ ಬರುವವರಿದ್ದರು. ಅವರ ಎದುರೇ ಹೇಳಿದರೆ? ಎಲ್ಲರೆದುರು ಕೈ ಒರೆಸಿದ್ದಳು. ಎಲ್ಲರೆದುರೇ ಉತ್ತರ ಕೊಟ್ಟರಾಯಿತು. ಹದಿನೇಳು ದಿನ. ಎಂಟು ತಿಂಗಳು ನಡೆದದ್ದು ಇನ್ನು ಹದಿನೇಳು ದಿನ ನಡೆದರೆ ಲೋಕ ಮುಳುಗುವುದಿಲ್ಲ ಎಂದುಕೊಂಡಳು.

ಆ ದಿನಗಳಲ್ಲಿ ಒಂಬತ್ತು ಮಾದರಿ ಬಂದವು. ಬಾಳೆಗುಳಿ ಕ್ರಾಸಿನ ಹೋಟೆಲಿನದು, ಅಗಸೂರಿನ ಕಡೆಯ ವಸತಿ ಶಾಲೆಯದು, ಹೀಗೆ. ಒಂಬತ್ತನ್ನೂ ಉಮಾಳೇ ತೊಟ್ಟಿಯಲ್ಲಿಟ್ಟಳು. ಶಾಖ ತಪ್ಪೆಂದು ಗೊತ್ತಿದ್ದೂ ದಿನದ ಪುಸ್ತಕದಲ್ಲಿ ‘44.5, ಸರಿ ಇದೆ’ ಎಂದು ಬರೆದಳು. ಏಳನೆಯದು ಅಂಕೋಲೆಯ ದಂಡೆಯ ಒಂದು ರಿಸಾರ್ಟಿನ ಶುದ್ಧೀಕರಣ ಘಟಕದಿಂದ ಬಂದದ್ದು. ಸಂಸ್ಕರಿಸಿದ ನೀರಿನಲ್ಲಿ ನೂರು ಮಿಲಿಲೀಟರಿಗೆ ಸಾವಿರಕ್ಕಿಂತ ಕಡಿಮೆ ಇರಬೇಕು. ಏಳುನೂರು ಬಂತು. ಆ ನೀರನ್ನು ಬಿಡುವ ಕಾಲುವೆ ಅಳಿವೆಗೆ ಸೇರುವ ಜಾಗ ಉಮಾಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಂದ ಕೂಗಳತೆಯಲ್ಲಿ ಅವಳ ತಾಯಿ ನೀರಿಗಿಳಿಯುತ್ತಿದ್ದಳು. ಪೆನ್ನು ಹಿಡಿದು ಗೋಡೆಯ ಕ್ಯಾಲೆಂಡರ್ ನೋಡಿದಳು. ಇನ್ನು ಆರೇ ದಿನ. ಏಳುನೂರು ಎಂದು ಬರೆದು ಸಹಿ ಮಾಡಿದಳು.

ಪರಿಶೀಲನೆಗೆ ಬಂದವರು ಸಂಧ್ಯಾ ಎಂಬವರು, ಧಾರವಾಡದ ಕಡೆಯವರು, ಐವತ್ತು ದಾಟಿದವರು. ಚಹಾ ಬೇಡವೆಂದರು. ಬೆಳಿಗ್ಗೆಯೆಲ್ಲ ಕಾಗದ ನೋಡಿ, ಮಧ್ಯಾಹ್ನ ತೊಟ್ಟಿಯ ಹತ್ತಿರ ಬಂದು ನಿಂತು, ಉಮಾಳನ್ನು ಕರೆದು ಶಾಖ ಓದಿ ಹೇಳಲು ಹೇಳಿದರು. ಪಕ್ಕದಲ್ಲಿ ವೇದಾವತಿ, ಹಿಂದೆ ಕಿಶನ, ಬಾಗಿಲಲ್ಲಿ ಉಳಿದಿಬ್ಬರು. ಉಮಾ ಬಯಸಿದ ಹಾಗೆಯೇ ಎಲ್ಲರೂ ಇದ್ದರು.

“ತೋರಿಸ್ತಿರೂದು ನಲವತ್ತನಾಲ್ಕು ಪಾಯಿಂಟ್ ಒಂಬತ್ತು,” ಎಂದಳು. “ನಿಜವಾಗಿ ಇರೂದು ನಲವತ್ತೈದು ಪಾಯಿಂಟ್ ಮೂರು.”

ವೇದಾವತಿ ನಕ್ಕು, ಅವಳಿಗೆ ಲೆಕ್ಕ ತಿರುಗುಮುರುಗಾಗಿದೆ, ನಿಜವಾಗಿ ಇರುವುದು ನಲವತ್ತನಾಲ್ಕೂವರೆ ಎಂದಳು. ಸಂಧ್ಯಾ ಪ್ರಮಾಣಪತ್ರ ಕೇಳಿದರು. ನಿಂತಲ್ಲೇ ಓದಿದರು. ಮುಖ್ಯ ಥರ್ಮಾಮೀಟರ್ ತರಿಸಿ ತೊಟ್ಟಿಗಿಳಿಸಿದರು. ಹತ್ತು ನಿಮಿಷ ಕಾದರು. ಪಾದರಸ ಏರಿ ನಿಂತದ್ದನ್ನು ಸಂಧ್ಯಾ ವೇದಾವತಿಗೆ ತೋರಿಸಿದರು. ವೇದಾವತಿ ಬಗ್ಗಿ ನೋಡಿದಳು, ಪ್ರಮಾಣಪತ್ರ ನೋಡಿದಳು, ಮತ್ತೆ ಬಗ್ಗಿದಳು. ಕುತ್ತಿಗೆಯಿಂದ ಕೆಂಪು ಏರಿ ಕಿವಿಗೆ ಬಂತು. ಉಮಾ ಅದನ್ನು ಕಣ್ತುಂಬ ನೋಡಿದಳು.

ಸಂಧ್ಯಾ ಉಮಾಳ ಕಡೆ ತಿರುಗಿ, “ನಿಮಗ ಇದು ಯಾವಾಗ ಗೊತ್ತಾತು?” ಎಂದು ಕೇಳಿದರು.

ಉಮಾ ಹೆಮ್ಮೆಯಿಂದಲೇ ಪುಸ್ತಕ ತಂದು ಪುಟ ತೆರೆದು ಕೊಟ್ಟಳು. ಎಲ್ಲವೂ ನೀಟಾಗಿತ್ತು. ಸಂಧ್ಯಾ ತಾರೀಖಿನ ಮೇಲೆ ಬೆರಳಿಟ್ಟರು. ಆಮೇಲೆ ಆ ತಾರೀಖಿನಿಂದೀಚಿನ ಕೆಲಸದ ಹಾಳೆಗಳನ್ನು ತರಲು ಹೇಳಿದರು. ಒಂಬತ್ತು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು.

“ಇವು ನಿಮ್ಮ ಸಹೀನ ಹೌದಲ್ಲ?”

“ಹೌದು.”

“ಮೂರನೇ ತಾರೀಖಿಗೆ ತಪ್ಪು ಐತಿ ಅಂತ ಬರದೀರಿ. ನಾಲ್ಕನೇ ತಾರೀಖಿಗೆ ಸರಿ ಐತಿ ಅಂತ ಬರದು ಸಹಿ ಮಾಡೀರಿ. ಅವರಿಗೆ ತಿಳೀಲಿಲ್ಲ. ನಿಮಗ ತಿಳದಿತ್ತು.”

ಹೇಳಲು ಉಮಾಳ ಹತ್ತಿರ ಬಹಳವಿತ್ತು: ಫೈಲಿನ ವಾಕ್ಯ, ಹತ್ತಿಯ ಕಡ್ಡಿ, ನಾಲ್ಕು ವರ್ಷ. ಆ ಒಂಬತ್ತು ಹಾಳೆಗಳ ಮುಂದೆ ಒಂದೂ ನಿಲ್ಲುವಂತೆ ಕಾಣಲಿಲ್ಲ. ವೇದಾವತಿ ಹಿಂದಿನಿಂದ ಮೆಲ್ಲಗೆ, “ಬೇಕಂತಲೇ ಮಾಡಿದ್ದು ಇವಳು,” ಎಂದಳು. ಅದು ನಿಜವಾಗಿತ್ತು.

ಸಂಧ್ಯಾ ಸಂಜೆ ಎರಡು ದೋಷ ಬರೆದರು. ಮೊದಲನೆಯದು ಶಾಖದ್ದು. ಎರಡನೆಯದು, ತಪ್ಪೆಂದು ತಿಳಿದ ಫಲಿತಾಂಶಗಳನ್ನು ಸಿಬ್ಬಂದಿಯೊಬ್ಬರು ಹದಿನೇಳು ದಿನ ದಾಖಲಿಸಿದ್ದು. ಎರಡನೆಯದು ಮೊದಲನೆಯದಕ್ಕಿಂತ ಗಂಭೀರ ಎಂದು ಕಿಶನರಿಗೆ ಬಿಡಿಸಿ ಹೇಳಿದರು. ನವೆಂಬರಿನ ಫೈಲನ್ನೂ ಓದಿದ್ದರು. ಆ ಶುಚಿತ್ವದ ವಾಕ್ಯದ ಪಕ್ಕ ‘ಆಧಾರವೇನು?’ ಎಂದು ಪೆನ್ಸಿಲಿನಲ್ಲಿ ಬರೆದರು. ಬ್ಯಾಕ್ಟೀರಿಯಾ ಪರೀಕ್ಷೆಯ ಮಾನ್ಯತೆ ಅಮಾನತಾಯಿತು. ಆಗಸ್ಟಿನಿಂದ ಕೊಟ್ಟ ಎಲ್ಲ ವರದಿಗಳನ್ನು ಹಿಂದಕ್ಕೆ ಪಡೆಯಬೇಕು, ಪ್ರತಿ ಜಾಗದಿಂದ ಹೊಸ ಮಾದರಿ ತೆಗೆದು ಮಾನ್ಯತೆಯಿರುವ ಬೇರೆ ಪ್ರಯೋಗಾಲಯಕ್ಕೆ ಕಳಿಸಬೇಕು. ಇಬ್ಬರೂ ಮೊದಲಿನಿಂದ ಪರೀಕ್ಷೆ ಕೊಟ್ಟು ಅರ್ಹರೆನಿಸುವವರೆಗೆ ಒಬ್ಬರೇ ಯಾವ ಕಾಗದಕ್ಕೂ ಸಹಿ ಮಾಡುವಂತಿಲ್ಲ.

ಕಿಶನ ಇಬ್ಬರನ್ನೂ ಕೆಲಸದಿಂದ ತೆಗೆಯುತ್ತಿದ್ದರೇನೋ. ಆದರೆ ಮಾದರಿ ತೆಗೆಯಲು ತರಬೇತಿಯಾದವರು ಬೇರೆ ಯಾರೂ ಇರಲಿಲ್ಲ. ಎರಡೆರಡು ಸಹಿ ಬೇಕಲ್ಲ, ಇಬ್ಬರೂ ಒಂದೇ ಜೀಪಿನಲ್ಲಿ ಹೋಗಿ ಎಂದರು.

ಹಾಗೆ ಏಪ್ರಿಲ್ ಕೊನೆಯ ವಾರದ ಬಿಸಿಲಿನಲ್ಲಿ ಇಬ್ಬರೂ ತಿಂಗಳು ತಿಂಗಳು ಮಾದರಿ ಕೊಡುತ್ತಿದ್ದ ಹನ್ನೊಂದು ಜಾಗ ತಿರುಗಿದರು. ಜೀಪಿನ ಹಿಂದಿನ ಸೀಟಿನಲ್ಲಿ ನಡುವೆ ಮಂಜುಗಡ್ಡೆಯ ಪೆಟ್ಟಿಗೆ. ಪ್ರತಿ ಜಾಗದಲ್ಲೂ ವೇದಾವತಿ ಮಾಲೀಕರ ಎದುರು ನಿಂತು, ನಾವು ಕೊಟ್ಟ ವರದಿ ತಪ್ಪಿತ್ತು, ದಯವಿಟ್ಟು ಹಿಂದಕ್ಕೆ ಕೊಡಿ ಎಂದು ಕೇಳಬೇಕಿತ್ತು. ಕೆಲವರು ಕೂರಲೂ ಹೇಳಲಿಲ್ಲ. ರಿಸಾರ್ಟಿನ ಮ್ಯಾನೇಜರು ಅರ್ಧ ಗಂಟೆ ಹೊರಗೆ ನಿಲ್ಲಿಸಿದ. ಒಳಗೆ ಕರೆದು, ನಿಮ್ಮ ಕಾಗದ ನಂಬಿ ಎಂಟು ತಿಂಗಳು ಯಂತ್ರ ರಿಪೇರಿ ಮಾಡಿಸಲಿಲ್ಲ, ಈಗ ಹೊಣೆ ಯಾರದು ಎಂದು ಕೇಳಿದ. ಉಮಾ ಹೊರಗೆ ಕಾಲುವೆಯ ಬಾಯಲ್ಲಿ ಕೂತು ಬಾಟಲಿ ತುಂಬಿದಳು.

ವಾಪಸು ಬರುವಾಗ ಬಾಳೆಗುಳಿಯ ಹತ್ತಿರ ಲಾರಿಗಳ ಸಾಲಿನಲ್ಲಿ ಜೀಪು ನಿಂತಿತು. ಆರು ದಿನದಲ್ಲಿ ಸಂಖ್ಯೆ, ತಾರೀಖು ಬಿಟ್ಟು ಬೇರೆ ಮಾತಾಡದ ವೇದಾವತಿ ಆಗ ಮಾತು ತೆಗೆದಳು.

“ನಂದು ಲೆಕ್ಕದ ತಪ್ಪು. ನಿಂದು ಲೆಕ್ಕದ್ದಲ್ಲ. ನಿಂದು ಹಗೆ.”

“ನನ್ನ ಕೈ ಒರೆಸಿದ್ದು ಯಾವ ಲೆಕ್ಕದ್ದು?” ಎಂದಳು ಉಮಾ.

ವೇದಾವತಿ ಕಿಟಕಿಯಾಚೆ ನೋಡುತ್ತಿದ್ದಳು. “ಆ ಕಡ್ಡಿ ಉಜ್ಜಿಟ್ಟ ಪ್ಲೇಟಲ್ಲಿ ಏನೂ ಬೆಳೆದಿರ್ಲಿಲ್ಲ. ನಾ ನೋಡಿದ್ದೆ.”

“ಬರೀಲಿಲ್ಲ ಎಂತಕ್ಕೆ?”

“ನಿನ್ನ ಕೈಯಲ್ಲಿ ದೋಷ ಇಲ್ಲ ಅಂತ ಬರೆದ್ರೆ, ಮತ್ತೆಲ್ಲಿದೆ ಅಂತ ನಾನು ಹುಡುಕ್ಬೇಕಿತ್ತು.”

ಅವಳು ಕ್ಷಮೆ ಕೇಳಲಿಲ್ಲ. ಉಮಾಗೂ ಅದನ್ನು ಕೇಳಿ ಹಗುರವಾಗಲಿಲ್ಲ. ವೇದಾವತಿ ಗೊತ್ತಿಲ್ಲದೆ ಬರೆದಿದ್ದಳೆಂದು ತಿಳಿದಿದ್ದಷ್ಟು ದಿನವಾದರೂ ಅವಳಿಗೆ ಸಂಶಯದ ಲಾಭ ಕೊಡಬಹುದಿತ್ತು. ಈಗ ಅದೂ ಹೋಯಿತು. ಕಾರವಾರ ಮುಟ್ಟುವಷ್ಟರಲ್ಲಿ ಪೆಟ್ಟಿಗೆಯ ಮಂಜುಗಡ್ಡೆ ಕರಗಿದ ನೀರು ತೊಟ್ಟಿಕ್ಕಿ ಇಬ್ಬರ ಸೀರೆ, ಚೂಡಿದಾರದ ಅಂಚು ಒದ್ದೆಯಾಗಿತ್ತು.

ಹೊರಗಿನ ಪ್ರಯೋಗಾಲಯದ ಫಲಿತಾಂಶ ಮೇ ಮೊದಲ ವಾರ ಬಂತು. ಹನ್ನೊಂದರಲ್ಲಿ ಏಳು ಸರಿಯಿದ್ದವು, ಅಗಸೂರಿನ ಶಾಲೆಯದೂ. ರಿಸಾರ್ಟಿನದು ನಾಲ್ಕು ಸಾವಿರದ ಒಂಬೈನೂರು. ವಾರದೊಳಗೆ ಅಳಿವೆಯ ದಂಡೆಯಲ್ಲಿ ಪಂಚಾಯತಿಯ ಹಲಗೆ ಎದ್ದಿತು: ಮುಂದಿನ ಸೂಚನೆಯವರೆಗೆ ಇಲ್ಲಿ ನೀರಿಗಿಳಿಯಬಾರದು, ಚಿಪ್ಪು ಹೆಕ್ಕಬಾರದು. ಅದು ಬಳಚು ಚೆನ್ನಾಗಿ ಸಿಗುವ ಕೊನೆಯ ತಿಂಗಳು. ಪೇಟೆಯಲ್ಲಿ ಸುದ್ದಿ ಹಬ್ಬಿ, ಬೇರೆ ಕಡೆಯಿಂದ ತಂದದ್ದನ್ನೂ ಕೇರಿಯ ಹೆಂಗಸರ ಬುಟ್ಟಿಯಿಂದ ಯಾರೂ ಕೊಳ್ಳದಾದರು.

ಹೊನ್ನಮ್ಮನ ಮೊಣಕಾಲ ಕೆಳಗೆ ಚಿಪ್ಪು ಕೊಯ್ದ ಗಾಯವೊಂದಿತ್ತು. ಏಪ್ರಿಲ್ ನಡುವಿನಿಂದ ಅದು ಮಾಯುತ್ತಿರಲಿಲ್ಲ. ಅಂಕೋಲೆಯ ಡಾಕ್ಟರು ಕೀವು ತೆಗೆದು, ಕೊಳೆ ನೀರಿಗಿಳಿದಿರಾ ಎಂದು ಕೇಳಿದ್ದರು. ಗಾಯ ಆ ನೀರಿನಿಂದಲೇ ಕೊಳೆಯಿತೆಂದು ಯಾರೂ ಸಾಧಿಸಿ ತೋರಿಸಲಾರರು. ಉಮಾಗೂ ಅದು ಗೊತ್ತಿತ್ತು. ಆದರೂ ಒಂದು ಮಧ್ಯಾಹ್ನ ತಾಯಿಯ ಕಾಲಿಗೆ ಪಟ್ಟಿ ಸುತ್ತುತ್ತ ಕೂತಾಗ ತಡೆಯಲಾಗದೆ ಎಲ್ಲ ಹೇಳಿದಳು. ಕೈ ಒರೆಸಿದ್ದರಿಂದ ಹಿಡಿದು ಏಳುನೂರು ಎಂದು ಬರೆದದ್ದರವರೆಗೆ. ಮೇಡಂ ಮಾಡಿದ ಅವಮಾನ ಕೇಳಿ ತಾಯಿಗೆ ಸಿಟ್ಟು ಬರಬಹುದು, ತನ್ನ ಪಕ್ಷ ವಹಿಸಬಹುದು ಎಂಬ ಆಸೆ ಒಳಗೆಲ್ಲೋ ಇತ್ತು.

ಹೊನ್ನಮ್ಮ ಕಾಲು ಎಳೆದುಕೊಂಡಳು.

“ನಿಂಗೆ ಮದ್ಲೇ ಗುತ್ತಿತ್ತಾ?”

“ಹದಿನೇಳು ದಿನ ಮದ್ಲೆ.”

“ದಿನಾ ನಾ ಬುಟ್ಟಿ ತಕಂಡು ಹೋಗೂದು ನೋಡ್ತೇ ಇದ್ದೆ ನೀನು. ಆ ಮೇಡಮ್ಮಂಗೆ ನಾವ್ ಯಾರು ಅಂತ ಗುತ್ತಿಲ್ಲ. ನಿಂಗೆ ಗುತ್ತಿತ್ತು.”

ಪಟ್ಟಿಯ ಉಳಿದ ಸುತ್ತನ್ನು ತಾನೇ ಸುತ್ತಿಕೊಂಡಳು. ಮಾತನ್ನು ಅವಳು ಮನೆಯೊಳಗೇ ಇಟ್ಟುಕೊಳ್ಳಲಿಲ್ಲ. ಬಳಚಿಗೆ ಹೋಗುವ ಹೆಂಗಸರಿಗೆಲ್ಲ ಹೇಳಿದಳು. ಅದು ಅವರಿಗೆ ತಿಳಿಯಬೇಕಾದ ವಿಷಯ ಎಂದಳು. ಮಳೆಗಾಲ ಪೂರ್ತಿ ಉಮಾ ಬಸ್ಸಿಗೆ ಹೋಗುವಾಗ ಕೇರಿಯ ಬಾಗಿಲುಗಳಲ್ಲಿ ಮಾತು ನಿಲ್ಲುತ್ತಿತ್ತು. ಲಲಿತಾ ಎಂಬ ಪಕ್ಕದ ಮನೆಯಾಕೆ, ಚಿಕ್ಕಂದಿನಿಂದ ಉಮಾಳನ್ನು ಎತ್ತಿ ಆಡಿಸಿದವಳು, ಒಂದು ದಿನ ಎದುರಾದಾಗ ದಾರಿ ಬಿಟ್ಟು ಗದ್ದೆಗಿಳಿದು ಹೋದಳು.

ಪ್ರಯೋಗಾಲಯದಲ್ಲೂ ಹಾಗೇ. ಹೊಸ ಗುಪ್ತ ಮಾದರಿಗಳು ಜುಲೈನಲ್ಲಿ ಬಂದವು, ಈ ಸಲ ಇಬ್ಬರಿಗೂ ಬೇರೆ ಬೇರೆ. ಬೇರೆ ಕೋಣೆಗಳಲ್ಲಿ ಕೂತು ಎಣಿಸಿದರು. ಉಳಿದ ದಿನದ ಕೆಲಸದಲ್ಲಿ ವೇದಾವತಿ ಉಮಾಳ ಪ್ರತಿ ಅಂಕಿಯನ್ನೂ ಕಳ್ಳಲೆಕ್ಕ ಹಿಡಿಯುವವಳ ಹಾಗೆ ಕೆದಕಿ ನೋಡುತ್ತಿದ್ದಳು. ಉಮಾ ಅವಳ ಪ್ರತಿ ಅಂಕಿಯನ್ನೂ ಅಷ್ಟೇ ಕೆಟ್ಟ ಮನಸ್ಸಿನಿಂದ ನೋಡುತ್ತಿದ್ದಳು. ಇಬ್ಬರೂ ಪಾಸಾದರು. ಸೆಪ್ಟೆಂಬರಿನಲ್ಲಿ ಮಾನ್ಯತೆ ತಿರುಗಿ ಬಂತು, ಎರಡು ಸಹಿಯ ನಿಯಮ ಮಾತ್ರ ಉಳಿಯಿತು. ನವೆಂಬರಿನ ಆ ವಾಕ್ಯವನ್ನು ಒಂದು ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ತಾರೀಖು ಹಾಕಿದ್ದನ್ನು ಉಮಾ ಫೈಲಿನಲ್ಲಿ ಕಂಡಳು. ಅದರ ಬಗ್ಗೆ ಯಾರೂ ಅವಳಿಗೆ ಏನೂ ಹೇಳಲಿಲ್ಲ.

ರಿಸಾರ್ಟಿನವರು ಅಷ್ಟರಲ್ಲಿ ಘಟಕ ದುರಸ್ತಿ ಮಾಡಿಸಿದ್ದರು. ಹಲಗೆ ತೆಗೆಯಬೇಕಾದರೆ ಅಳಿವೆಯ ನೀರು ಪರೀಕ್ಷೆಯಾಗಬೇಕು ಎಂದು ಪಂಚಾಯತಿ ಕಾರವಾರಕ್ಕೆ ಬರೆಯಿತು. ಅಕ್ಟೋಬರಿನಲ್ಲಿ ಉಮಾ, ವೇದಾವತಿ ಇಬ್ಬರೂ ಹೋಗಿ ಮೂರು ಕಡೆ ನೀರು ತುಂಬಿದರು. ದಂಡೆಯ ಮೇಲೆ ಹೆಂಗಸರು ನಿಂತಿದ್ದರು. ಫಲ ಯಾವಾಗ ಎಂದು ಲಲಿತಾ ಕೇಳಿದಳು, ಉಮಾಳನ್ನಲ್ಲ, ವೇದಾವತಿಯನ್ನು. ನಾಲ್ಕು ದಿನ ಬೇಕು ಎಂದಳು ವೇದಾವತಿ. ಐದನೆಯ ದಿನ ನಾವೇ ಬರುತ್ತೇವೆ, ಕಾಗದ ಪಂಚಾಯತಿಗೆ ಹೋಗಿ ಅಲ್ಲಿ ಕೂರುವುದು ಬೇಡ ಎಂದಳು ಲಲಿತಾ.

ಬಂದೂ ಬಂದರು. ಐದನೆಯ ದಿನ ಹನ್ನೊಂದು ಗಂಟೆಗೆ ಆರು ಹೆಂಗಸರು ಬಸ್ಸಿಳಿದು ಕಾಜುಬಾಗದ ಪ್ರಯೋಗಾಲಯದ ಮೆಟ್ಟಿಲೇರಿದರು. ಹೊನ್ನಮ್ಮನೂ ಇದ್ದಳು. ಮಗಳು ಐದು ವರ್ಷದಿಂದ ಕೆಲಸ ಮಾಡುವ ಜಾಗವನ್ನು ಅವಳು ನೋಡುತ್ತಿದ್ದದ್ದು ಅದೇ ಮೊದಲು. ಗಾಜಿನ ಬಾಗಿಲು, ಬಿಳಿ ಮೇಜು, ಸಾಲು ಸಾಲು ನಳಿಕೆ ಎಲ್ಲವನ್ನೂ ನೋಡಿದಳು. ಬಿಳಿ ಕೋಟು ತೊಟ್ಟ ಮಗಳ ಮೇಲೆ ಕಣ್ಣು ನಿಲ್ಲಿಸಲಿಲ್ಲ.

ಫಲವನ್ನು ಅವರಿಗೆ ನೇರವಾಗಿ ಹೇಳಲು ಪಂಚಾಯತಿ ಒಪ್ಪಿಗೆ ಕೊಟ್ಟಿತ್ತು. ವೇದಾವತಿ ವರದಿ ಹಿಡಿದು ಬಂದು, ಮೂರೂ ಕಡೆಯ ನೀರು ಸರಿಯಾಗಿದೆ, ಇಳಿಯಬಹುದು ಎಂದು ಓದಿ ಹೇಳಿದಳು.

“ಎಣ್ಸದ್ದು ಯಾರು?” ಎಂದು ಕೇಳಿದಳು ಹೊನ್ನಮ್ಮ.

“ನಿಮ್ಮ ಮಗಳು.”

“ಹಂಗಾರೆ ಇನ್ನೊಬ್ರು ಒಂದ್ಸಲ ಎಣಿಸ್ಲಿ.”

ವೇದಾವತಿ ತಾನೇ ಇನ್ನೊಮ್ಮೆ ನೋಡಿ ಸಹಿ ಮಾಡಿದ್ದೇನೆ ಎಂದಳು.

“ಅವ್ಳೂ ಬ್ಯಾಡ, ನೀವೂ ಬ್ಯಾಡ,” ಎಂದಳು ಹೊನ್ನಮ್ಮ. “ನಿಮ್ಮಿಬ್ರನ್ನ ಬಿಟ್ಟು ಯಾರಾದ್ರೂ.”

ಉಳಿದ ಐವರೂ ತಲೆಯಾಡಿಸಿದರು. ವೇದಾವತಿ ಏನೋ ಹೇಳಲು ಹೊರಟು ಉಮಾಳ ಕಡೆ ನೋಡಿದಳು. ಫ್ರಿಜ್ಜಿನಲ್ಲಿ ಉಳಿದ ನೀರು ಹಳತಾಗಿತ್ತು, ಮತ್ತೆ ಹೊಸದಾಗಿ ತೆಗೆಯಬೇಕಿತ್ತು. ಉಮಾ ಕಪಾಟು ತೆರೆದು ಶುದ್ಧಮಾಡಿಟ್ಟ ಮೂರು ಬಾಟಲಿಗಳನ್ನು ತೆಗೆದು ಪೆಟ್ಟಿಗೆಗಿಟ್ಟಳು. ಹೆಂಗಸರು ಬಸ್ಸಿನಲ್ಲೇ ಬರುತ್ತೇವೆಂದು ಹೊರಟರು. ಇವರಿಬ್ಬರೂ ಜೀಪಿನಲ್ಲಿ ಮೊದಲೇ ಹೋಗಿ ಅಳಿವೆಯಲ್ಲಿ ಕಾದರು. ಲಲಿತಾ ಬಂದು, ಬಾಟಲಿ ಮುಳುಗಿಸುವುದರಿಂದ ಹಿಡಿದು ಮುಚ್ಚಳಕ್ಕೆ ಮೊಹರು ಬೀಳುವವರೆಗೆ ಪಕ್ಕದಲ್ಲಿ ಕೂತು ನೋಡಿದಳು.

ಬಾಟಲಿಗಳು ಹೊರಗಿನ ಪ್ರಯೋಗಾಲಯಕ್ಕೆ ಹೋದವು. ಎಂಟು ದಿನ ಹೆಂಗಸರು ನೀರಿಗಿಳಿಯಲಿಲ್ಲ. ಒಂಬತ್ತನೆಯ ದಿನ ಬಂದ ಸಂಖ್ಯೆ ಉಮಾಳ ಸಂಖ್ಯೆಗೆ ಹತ್ತಿರವೇ ಇತ್ತು. ಆ ಕಾಗದವನ್ನು ಉಮಾ ಮನೆಗೆ ಒಯ್ಯಲಿಲ್ಲ. ಪಂಚಾಯತಿಯ ಗುಮಾಸ್ತ ಒಯ್ದು ಕೊಟ್ಟ. ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ಹೊನ್ನಮ್ಮ ಅಂಗಳದಲ್ಲಿ ಬುಟ್ಟಿಯ ಹರಿದ ಅಂಚನ್ನು ಹೊಲಿಯುತ್ತಿದ್ದಳು. ಇಳಿತ ಎಷ್ಟು ಹೊತ್ತಿಗೆ ಎಂದು ಉಮಾ ಕೇಳಿದಳು.

“ಹತ್ತಕ್ಕೆ,” ಎಂದಳು ಹೊನ್ನಮ್ಮ, ಸೂಜಿಯಿಂದ ಕಣ್ಣೆತ್ತದೆ.